ತೊಂಡೆ ಬಳ್ಳಿ ಕತ್ತರಿಸಿದ ತಪ್ಪಿಗೆ

ನನ್ನದೇ ತೊಂಡೆ ಬಳ್ಳಿ ಕತ್ತರಿಸಿ ಇಂದು ಬೈಸಿಕೊಂಡೆ, ಗೆಳೆಯರೇ. ಬಳ್ಳಿ ಗೋಡೆ ದಾಟಿ ಅಂಗಳವೆಲ್ಲ ಕಸ ಎಂದು ಪಕ್ಕದ ಮನೆಯ ಲಿಲ್ಲಿಬಾಯಿ ತಿಂಗಳಿಂದ ದೂರುತ್ತಿದ್ದರು. ಬೆಳಿಗ್ಗೆ ಆಚೆ ಹೋದದ್ದನ್ನೆಲ್ಲ ಸವರಿ ಈಚೆಗೆ ಎಳೆದುಕೊಂಡೆ. ಹತ್ತೇ ನಿಮಿಷಕ್ಕೆ ಗೋಡೆಯ ಮೇಲೆ ಅವರ ತಲೆ ಕಾಣಿಸಿತು.

“ಎಂತ ಮಾರಾಯ್ರೆ, ಇವತ್ತೇ ಕತ್ತರಿಸ್ಬೇಕಿತ್ತಾ? ನಾಳೆ ನಮ್ಮ ಮೊಂತಿ ಹಬ್ಬ, ಇಗರ್ಜಿಯಿಂದ ಹೊಸ ತೆನೆ ತರುವ ದಿನ. ಊಟಕ್ಕೆ ತರಕಾರಿ ಐದೋ ಏಳೋ ಇರ್ಬೇಕು, ಸರಿ ಸಂಖ್ಯೆ ಆಗ್ಲಿಕ್ಕಿಲ್ಲ. ಈಗ ತೊಂಡೆ ಇಲ್ಲದೆ ಆರೇ ಉಂಟು!”

“ಕಾಯಿ ಎಲ್ಲ ಕೊಯ್ದಿಟ್ಟಿದ್ದೇನೆ ಬಾಯಿ” ಎಂದು ಬುಟ್ಟಿ ದಾಟಿಸಿದೆ.

“ಇನ್ನು ಕೇಳದೆ ಕಡೀಬೇಡಿ, ಆಯ್ತಾ?” ಎಂದು ಬುಟ್ಟಿ ಸಮೇತ ಒಳಗೆ ಹೋದರು.

ತೊಂಡೆ ಕತ್ತರಿಸಿದಷ್ಟೂ ಚಿಗುರುತ್ತದೆ, ನನಗೆ ಚಿಂತೆಯಿಲ್ಲ. ತಿಂಗಳೊಳಗೆ ಬಳ್ಳಿ ಗೋಡೆ ದಾಟಿ ಆಚೆ ಹೋಗುತ್ತದೆ, ದೂರು ಗೋಡೆ ದಾಟಿ ಈಚೆ ಬರುತ್ತದೆ.