ಮಣ್ಣಿನೊಳಗಿನ ದಡಿ

ಸಂಘದ ಅಂಗಳದಲ್ಲಿ ದಾನಮ್ಮ ಉಳ್ಳಾಗಡ್ಡಿ ಮಾರಲು ಕುಳಿತಿದ್ದಾಳೆಂದೇ ಮುರಗೆಪ್ಪನವರು ಮೊದಲು ತಿಳಿದದ್ದು. ರಬಕವಿಯ ಆ ನೇಕಾರರ ಸಂಘಕ್ಕೆ ಅವರು ಅಧ್ಯಕ್ಷರಾಗಿ ಅಂದಿಗೆ ಒಂಬತ್ತು ದಿನ. ಸ್ಕೂಟರಿನಿಂದ ಇಳಿಯುವ ಮೊದಲೇ ಗದರಿಸಿದರು.

"ಏ ಯವ್ವಾ, ಇದೇನ ಸಂತಿ ಅಂತ ಮಾಡಿಯೇನು? ಏಳ ಇಲ್ಲಿಂದ!"

ದಾನಮ್ಮ ಏಳಲಿಲ್ಲ. "ಹೂವಿನ ಗಡ್ಡಿ ಅದಾವ್ರಿ. ಜಮಖಂಡಿಯಿಂದ ತರಸಾಕ ಚೀಟಿಗೆ ಸಹಿ ಮಾಡಿದವ್ರು ನೀವ ಅಲ್ಲೇನ್ರಿ?"

ಮಾಡಿದ್ದರು. ಸಹಿ ಮಾಡುವುದು ಅಧ್ಯಕ್ಷರ ಕೆಲಸ, ಓದುವುದು ಗುಮಾಸ್ತರದು ಎಂಬುದು ಅವರ ನಂಬಿಕೆ.

ಅವು ಗ್ಲಾಡಿಯೋಲಸ್ ಗಡ್ಡೆಗಳು. ಅಕ್ಟೋಬರಿನ ಸೀಗಿ ಹುಣ್ಣಿಮೆಯ ಆಚೀಚೆ ಊರಿದರೆ ಜನವರಿಗೆ ಸೊಂಟದೆತ್ತರ ಹೂವು. ಕೆಂಪು, ಬಿಳಿ, ಹಳದಿ ಎಂದು ಮೂರು ಚೀಲ ಬಂದಿದ್ದವು; ಚೀಲದಿಂದ ಹೊರಬಿದ್ದರೆ ಮೂರಕ್ಕೂ ಒಂದೇ ಮುಖ.

ದಾನಮ್ಮ ನಲವತ್ತು ವರ್ಷ ಕೈಮಗ್ಗದಲ್ಲಿ ಒಂದೇ ದಡಿಯ ಸೀರೆ ನೇಯ್ದವಳು. ಸೀರೆಯ ಅಂಚಿನುದ್ದಕ್ಕೂ ಎರಡು ಸಾಲು ಕೆಂಪು, ನಡುವೆ ಒಂದು ಸಾಲು ಬಿಳಿ, ಮತ್ತೆ ಎರಡು ಕೆಂಪು. ಪವರ್‌ಲೂಮ್ ಬಂದು ಅವಳ ಮಗ್ಗ ಮೂಲೆ ಸೇರಿದ ಮೇಲೆ ಆ ದಡಿಯನ್ನು ಯಾರೂ ನೇಯಲಿಲ್ಲ. ಸಂಘದ ತೋಟ ನೋಡಿಕೊಳ್ಳುವ ಕೆಲಸ ಸಿಕ್ಕಾಗ ಅವಳಿಗಿದ್ದುದು ಒಂದೇ ಆಸೆ: ಕಚೇರಿಯ ಮುಂದಿನ ಉದ್ದನೆಯ ಹೂವಿನ ಮಡಿಯಲ್ಲಿ ಅದನ್ನು ಇನ್ನೊಮ್ಮೆ ಕಣ್ಣಾರೆ ನೋಡಬೇಕು. ಕೆಂಪು, ಬಿಳಿಯ ಅದೇ ಸಾಲುಗಳಲ್ಲಿ ಗೇಣಿಗೊಂದರಂತೆ ಗಡ್ಡೆ ಇಟ್ಟಳು. ಹಳದಿಯ ಚೀಲವನ್ನು ಗೇಟಿನ ಬಳಿಗೆಂದು ಪಕ್ಕಕ್ಕಿಟ್ಟು, ರೊಟ್ಟಿ ತಿಂದು ಬಂದು ಮಣ್ಣು ಮುಚ್ಚಿದರಾಯಿತೆಂದು ಮನೆಗೆ ಹೋದಳು.

ಚಹ ಕುಡಿದು ಮುರಗೆಪ್ಪನವರು ಹೊರಬಂದರು. ನೂಲಿನ ವ್ಯಾಪಾರದ ಮನೆತನ. ಗಡ್ಡೆಗಳ ನಡುವಿನ ಜಾಗ ಕಡಿದ ಎಳೆಗಳ ಹಾಗೆ ಅವರ ಕಣ್ಣಿಗೆ ಚುಚ್ಚಿತು. ತಾವಿಲ್ಲದಿದ್ದರೆ ಈ ಸಂಘದ ಗತಿಯೇನು ಎಂದು ಮರುಗುತ್ತ, ಧೋತರ ಎತ್ತಿಕಟ್ಟಿ, ಹಳದಿಯ ಚೀಲವನ್ನೇ ಬಿಚ್ಚಿ ಸಾಲುಸಾಲಾಗಿ ತುಂಬಿದರು. ತುಂಬುವ ಭರದಲ್ಲಿ ಅವಳ ಗಡ್ಡೆಗಳೂ ಅಲ್ಲಲ್ಲೇ ಜರುಗಿದವು.

ಮರಳಿ ಬಂದ ದಾನಮ್ಮ ಮಡಿಯ ತುದಿಯಲ್ಲೇ ನಿಂತುಬಿಟ್ಟಳು. "ಇದೇನ ಮಾಡೀರಿ?"

"ನಡನಡಕ ಎಳಿ ಕಡದಿದ್ದುವು. ತುಂಬೇನಿ. ಈಗ ನೋಡ, ಹೆಂಗ ಗಟ್ಟಿ ಆತು!"

"ಇದು ಸೀರಿ ಅಲ್ರಿ. ಗಡ್ಡಿಗೆ ಉಸರಾಡಾಕ ಜಾಗಾ ಬೇಕ್ರಿ. ನನ್ನ ದಡ್ಯಾಗ ಹಳದಿ ಯಾವಾಗ ಇತ್ರಿ?"

ಅವಳ ದನಿ ಸಣ್ಣದಾಗಿತ್ತು. ಮುರಗೆಪ್ಪನವರು ಅಧ್ಯಕ್ಷರಾದ ಮೇಲೆ ಮೊದಲ ಬಾರಿ ಬೆವರಿದರು. "ಎಲ್ಲಾ ಒಂದ ನಮೂನಿ ಅದಾವು. ಈಗ ಯಾವದು ನಿಂದು, ಯಾವದು ನಂದು?"

ದಾನಮ್ಮ ಬಗ್ಗಿ ಒಂದು ಸಾಲು ನೋಡಿದಳು. ಇನ್ನೊಂದು ನೋಡಿದಳು. ಆಮೇಲೆ ಸೆರಗು ಬಾಯಿಗೊತ್ತಿ ನಕ್ಕಳು.

"ಗೊತ್ತಾತ ಬಿಡ್ರಿ. ನೀವ ಇಟ್ಟವು ಅಷ್ಟೂ ತಲಿ ಕೆಳಗ ಮಾಡಿ ನಿಂತಾವು."

ಮೊಳಕೆ ಮೇಲಿದ್ದವು ಉಳಿದವು, ಬೇರು ಮೇಲಿದ್ದವು ಚೀಲಕ್ಕೆ ಮರಳಿದವು. ಚೀಲ ಹಿಡಿದು ಹಿಂದೆಹಿಂದೆ ನಡೆದವರು ಸ್ವತಃ ಅಧ್ಯಕ್ಷರು.

ಇಳಿಹೊತ್ತಿಗೆ ಮಣ್ಣು ಮುಚ್ಚಿ, ನೀರು ಚಿಮುಕಿಸಿದ್ದಾಯಿತು. ಮುರಗೆಪ್ಪನವರು ಅವಳ ಕೈಗೆ ಮೊಬೈಲ್ ಕೊಟ್ಟು, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, ಮಡಿಯ ನಟ್ಟನಡುವೆ ಹೋಗಿ ನಿಂತರು.

"ದಾನಮ್ಮಾ, ಇಲ್ಲೆ ನಿಂತ್ರ ಫೋಟೋದಾಗ ಹೂವು ಛಲೋ ಕಾಣತಾವೇನು?"

"ಹೂವು ಕಾಣಾಕ ಇನ್ನ ಮೂರ ತಿಂಗಳ ಬೇಕ್ರಿ. ಮೊದಲ ನನ್ನ ದಡಿ ಮ್ಯಾಲಿಂದ ಕಾಲ ತಗೀರಿ."