ಉಚ್ಚೆ ಮಾತ್ರೆಯ ದೊಡ್ಡಮ್ಮ
ಡಾಕ್ಟರು ಅದನ್ನು ನೀರಿಳಿಸುವ ಮಾತ್ರೆ ಎನ್ನಲಿ, ಸೊಸೆ ನಾಚಿಕೊಂಡು ‘ಅದೇ, ಆ ಬಿಳಿ ಮಾತ್ರೆ’ ಎನ್ನಲಿ, ಬೀದಿಗೆಲ್ಲ ದೊಡ್ಡಮ್ಮನಾದ ಅತ್ತೆಯ ಬಾಯಲ್ಲಿ ಅದು ಉಚ್ಚೆ ಮಾತ್ರೆಯೇ. ಹೃದಯ ಸೋತು ಮೈಯಲ್ಲಿ ನೀರು ನಿಂತದ್ದು ಅವರಿಗೂ ಅವರ ಮುದಿ ನಾಯಿಗೂ ಹೆಚ್ಚುಕಡಿಮೆ ಒಟ್ಟಿಗೇ. ಮಾತ್ರೆಯೂ ಒಂದೇ ಜಾತಿಯದು, ನಾಯಿಯ ಅಳತೆ ಮಾತ್ರ ದನದ ಡಾಕ್ಟರು ಬೇರೆ ಬರೆದದ್ದು. ಬೆಳಗಾದರೆ ನಾಯಿಯದನ್ನು ಬ್ರೆಡ್ಡಿನಲ್ಲಿ ಅಡಗಿಸಿ ತಿನ್ನಿಸಿ, ‘ನಿಂದಾಯ್ತು, ಇನ್ನು ನಂದು’ ಎಂದು ತಾವೂ ನುಂಗುತ್ತಾರೆ. ಆಮೇಲೆ ಇವರು ಬಚ್ಚಲಿಗೆ, ಅದು ಬೀದಿಕಂಬಕ್ಕೆ. ಹೊರಬಂದವರೇ ಬಾಗಿಲಲ್ಲಿ ನಿಂತು, ‘ನಮ್ದು ಇವತ್ತು ಭರ್ಜರಿ ಆಯ್ತಪ್ಪ’ ಎಂದು ಸಾರುತ್ತಾರೆ. ಆ ‘ನಮ್ದು’ ಎನ್ನುವುದರಲ್ಲಿ ನಾಯಿಯೂ ಸೇರಿದೆ. ಎದುರುಮನೆ ಮೇಷ್ಟ್ರು ಕ್ಷೇಮ ವಿಚಾರಿಸಲು ಬಂದರೆ ಅವರ ಕಾಲಿಗೇ ಹೆಬ್ಬೆರಳು ಒತ್ತಿ, ನೀರು ತುಂಬಿದ ತಮ್ಮ ಕಾಲಿನಂತೆ ಗುಳಿ ಬೀಳದ್ದು ನೋಡಿ, ‘ನಿಮಗೆ ಆ ಯೋಗ ಇಲ್ಲ ಬಿಡಿ’ ಎಂದು ಮರುಗುತ್ತಾರೆ. ‘ಮೆಲ್ಲಗೆ ಅತ್ತೆ, ಮಾನ ಹೋಗುತ್ತೆ’ ಎಂದು ಸೊಸೆ ಅಂದರೆ, ‘ನೀರಿನ ಜೊತೆ ಅದೂ ಹೋಗ್ಲಿ ಬಿಡೆ’ ಎಂಬ ಉತ್ತರ. ಇಷ್ಟು ಗದ್ದಲದ ಹೆಂಗಸು ಚಳಿಗಾಲವಿಡೀ ಹಾಸಿಗೆಗೆ ಬೆನ್ನು ತಾಗಿಸಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕಾಲ ಬಳಿ ನಾಯಿಯೂ ಕೂತೇ ಏದುಸಿರು ಬಿಡುತ್ತಿತ್ತು. ಮೊನ್ನೆ ಮಧ್ಯಾಹ್ನ ಎಷ್ಟು ಕರೆದರೂ ಅತ್ತೆ ಓಗೊಡದಿದ್ದಾಗ ಸೊಸೆ ಕೋಣೆಗೆ ಓಡಿದಳು. ಕುರ್ಚಿ ಖಾಲಿಯಿತ್ತು. ಮಂಚದ ಮೇಲೆ ಅತ್ತೆ, ಕೆಳಗೆ ನಾಯಿ, ಇಬ್ಬರೂ ಕೈಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಸೊಸೆ ಸದ್ದಾಗದಂತೆ ಬಾಗಿಲೆಳೆದು, ಸೀದಾ ಬೀದಿಗೆ ಬಂದು, ನಾಲ್ಕು ಮನೆಗೆ ಕೇಳುವಂತೆ ಕೂಗಿದಳು: ‘ಮೇಷ್ಟ್ರೇ, ಇಬ್ರೂ ಉದ್ದಕ್ಕೆ ಮಲಗಿದ್ದಾರೆ. ಉಚ್ಚೆ ಮಾತ್ರೆ ಗೆದ್ದುಬಿಡ್ತು.’