ಅಳಿಸದೆ ಉಳಿದ ಚುಕ್ಕೆ

ಬೆಳಗಿನ ಐದೂವರೆ. ಮೂರನೇ ಮಹಡಿಯ ಕೋಣೆಯಲ್ಲಿ ಒಂದು ಫೋನು, ಮೇಜಿನಗಲಕ್ಕೂ ಹಾಸಿದ ನಕಾಶೆ. ಬೆಟ್ಟದಲ್ಲಿ ದಾರಿ ತಪ್ಪಿದವರ ಕರೆಗಳು ಬಂದು ಮುಟ್ಟುವುದು ಇಲ್ಲಿಗೇ. ಐವತ್ತೆರಡು ವರ್ಷದ ಈ ಹೆಂಗಸು ಫೋನನ್ನು ಕೆನ್ನೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನಕಾಶೆಯ ಮೇಲೆ ಬೆರಳಾಡಿಸುತ್ತಿದ್ದಾರೆ.

"ನೀರಿನ ಸದ್ದು ಯಾವ ಕಡೆ?"

"ಎಡಗಡೆ. ಆ ತೊರೆ ಹಿಡ್ಕೊಂಡು ಇಳಿದುಬಿಡ್ಲಾ ಮೇಡಂ?"

"ಬೇಡಪ್ಪಾ! ಅಲ್ಲಿ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಂದ್ರೆ ಕಡಿದಾದ ಬಂಡೆ. ಬಲಕ್ಕೆ ತಿರುಗು. ಮಂಜಿದೆ ಅಲ್ವಾ, ಮೊದಲು ಒಂದು ಕಲ್ಲು ಉರುಳಿಸು. ನಿಂತಿತಾ? ಈಗ ಹೆಜ್ಜೆ ಇಡು."

ಫೋನಿಟ್ಟವರೇ ಅವನಿರುವ ಜಾಗದಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾರೆ. ರಸ್ತೆ ಮುಟ್ಟಿದನೆಂದು ಗಸ್ತಿನವರು ತಿಳಿಸಿದ ಮೇಲೆ ಅದನ್ನು ಅಳಿಸುವುದು ಇವರ ರೂಢಿ. ದಿನಕ್ಕೆ ನಾಲ್ಕೈದು ಕರೆ, ಮಂಜು ಕವಿದರೆ ಹದಿನೈದು. ಅಳಿಸಿ ಅಳಿಸಿ ಕಾಗದ ಅಲ್ಲಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದೆ.

ಚಿಕ್ಕಂದಿನಲ್ಲೇ ಪೋಲಿಯೋದಿಂದ ಒಂದು ಕಾಲು ಸೊರಗಿತು. ಬೆಟ್ಟ ಹತ್ತಿದವರಲ್ಲ. ಇಪ್ಪತ್ತರ ಹರೆಯದಲ್ಲಿ ನಕಾಶೆ ಕಚೇರಿ ಸೇರಿ, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳನ್ನು ಕೈಯಲ್ಲೇ ಎಳೆದವರು. "ಗೆರೆ ದೂರ ದೂರ ಇದ್ರೆ ಬೆಟ್ಟ ನಿಧಾನಕ್ಕೆ ಏರತ್ತೆ. ಒತ್ತಾಗಿದ್ರೆ ಮೈಮೇಲೇ ಬರತ್ತೆ. ಮನುಷ್ಯರೂ ಹಾಗೇ," ಎಂದು ನಗುತ್ತಾರೆ.

ಯಂತ್ರಗಳು ಬಂದ ಮೇಲೆ ಇಲ್ಲಿಗೆ ವರ್ಗ. ಅಂದಿನಿಂದ ಒಂಟಿ ಕೋಣೆ. ಮನೆಯಲ್ಲೂ ಒಬ್ಬರೇ. "ಊರಿಗೆಲ್ಲ ದಾರಿ ತೋರಿಸ್ತೀಯ, ನನ್ನ ಮನೆ ದಾರಿ ಮಾತ್ರ ಮರ್ತಿದೀಯ," ಎಂದು ಅಕ್ಕ ಚುಚ್ಚುತ್ತಾರಂತೆ. ಕೆಳಗಿಳಿದವರು ಯಾರೂ ಮತ್ತೆ ಫೋನ್ ಮಾಡುವುದಿಲ್ಲ. "ಮಾಡಿ ಏನ್ ಹೇಳ್ತಾರೆ ಪಾಪ? ಮನೆ ತಲುಪಿದ್ರೆ ಸಾಕು."

ಇಂದಿನ ಚುಕ್ಕೆಯ ಪಕ್ಕದಲ್ಲೇ, ಎರಡು ಬೆರಳಿನಾಚೆ, ಇನ್ನೊಂದು ಚುಕ್ಕೆಯಿದೆ. ಹನ್ನೊಂದು ವರ್ಷ ಹಳೆಯದು. ಅಂದೂ ಮಂಜು. ದಾರಿ ತಪ್ಪಿದವಳೊಬ್ಬಳಿಗೆ ಇವರು, ಮುಂದಿರುವುದು ಸಣ್ಣ ದಿಬ್ಬ, ನೇರ ನಡೆ ಎಂದಿದ್ದರು. ನಕಾಶೆಯಲ್ಲಿದ್ದುದು ದುಂಡನೆಯ ಗೆರೆ. ಅದರ ಒಳಮುಖಕ್ಕೆ ಪುಟ್ಟ ಗೀಟುಗಳಿದ್ದರೆ ಅದು ದಿಬ್ಬವಲ್ಲ, ಕುಳಿ. ಆ ಗೀಟುಗಳು ಮಡಿಕೆಯಲ್ಲಿ ಸವೆದುಹೋಗಿದ್ದವು.

"ಆಗ್ಲಿ ಅಕ್ಕಾ, ಅಂದ್ಲು. ಅಷ್ಟೇ." ಸವೆದ ಮಡಿಕೆಯನ್ನು ಅಂಗೈಯಿಂದ ನೇವರಿಸುತ್ತಾರೆ. "ಅವತ್ತಿಂದ ನಕಾಶೆ ಮಡಿಸಿಲ್ಲ. ಕಲ್ಲು ಉರುಳಿಸದೆ ಯಾರನ್ನೂ ನಡೆಸಿಲ್ಲ."

ಮುಂದಿನ ವಾರ ಹೊಸ ನಕಾಶೆ ಬರುತ್ತದೆ. ಹಳೆಯದು ರದ್ದಿಗೆ. ಅದನ್ನು ತಮಗೇ ಕೊಡಿ ಎಂದು ಇವರು ಎರಡು ಅರ್ಜಿ ಬರೆದಿದ್ದಾರೆ, ಉತ್ತರ ಬಂದಿಲ್ಲ. "ಕೊಡದಿದ್ರೂ ಹೋಗ್ಲಿ. ಹೊಸದ್ರಲ್ಲಿ ಆ ಗೀಟುಗಳು ಎದ್ದು ಕಾಣ್ಲಿ. ನನ್ನ ಜಾಗಕ್ಕೆ ಬರೋಳಿಗೆ ಕಂಡ್ರೆ ಸಾಕು."

ಫೋನು ಮತ್ತೆ ಹೊಡೆದುಕೊಳ್ಳುತ್ತದೆ. ಗಸ್ತಿನವನು. ರಬ್ಬರು ಕೈಗೆತ್ತಿಕೊಂಡು, ಹಳೆಯ ಚುಕ್ಕೆಗೆ ತಾಗದಂತೆ ಎಡಗೈ ಅಡ್ಡ ಹಿಡಿದು, ಇಂದಿನದನ್ನು ಮೆಲ್ಲಗೆ ಅಳಿಸುತ್ತಾರೆ. ಪುಡಿಯನ್ನು ಉಫ್ ಎಂದು ಊದುತ್ತಾರೆ.

"ಇವನು ಇಳಿದ."